ಓದು ಬಾರದ ಓದುಗರು

ಗ್ರಂಥಕರ್ತನಿಗೆ ದೊರೆಯಬಹುದಾದ ಓದುಗರಲ್ಲೆಲ್ಲ ಅತ್ಯಂತ ಕಠಿಣನಾದವನು ಯಾರೆಂದು ಕೇಳಿದರೆ, ಪಂಡಿತರೂ ವಿಮರ್ಶಕರೂ ತಮ್ಮ ಹೆಸರನ್ನೇ ಮುಂದೊಡ್ಡಿಯಾರು. ಅದು ಅವರ ಭ್ರಮೆ. ಆ ಪೀಠ ಸಲ್ಲತಕ್ಕದ್ದು ಮೂರು ವರ್ಷದ ಕೂಸಿಗೆ. ಈ ಓದುಗನಿಗೆ ಅಕ್ಷರ ಬಾರದು. ಪುಸ್ತಕವನ್ನು ತಲೆಕೆಳಗಾಗಿ ಹಿಡಿದರೂ ಅವನ ಓದಿಗೆ ಅಡ್ಡಿಯಿಲ್ಲ. ರುಚಿಸದಿದ್ದರೆ, ಮುಖದಾಕ್ಷಿಣ್ಯಕ್ಕಾದರೂ ಇನ್ನೆರಡು ಪುಟ ನೋಡುವ ಸೌಜನ್ಯ ಅವನಲ್ಲಿಲ್ಲ. ಮಡಿಲಿನಿಂದ ಜಾರಿ ಹೊರಟೇ ಬಿಡುತ್ತಾನೆ. ರುಚಿಸಿತೋ, ಒಂದೇ ಸಂಜೆಯಲ್ಲಿ ಅದೇ ಪುಸ್ತಕವನ್ನು ಏಳು ಸಲ ಓದಿಸುತ್ತಾನೆ; ಎಂಟನೆಯ ಸಲ ಓದುವವರು ಬೇಸತ್ತು ಒಂದು ವಾಕ್ಯವನ್ನು ನುಂಗಿದರೆ ಅಲ್ಲಿಯೇ ಹಿಡಿದು ನಿಲ್ಲಿಸುತ್ತಾನೆ. ಮೂಲ ಪಾಠದ ಶುದ್ಧಿಯಲ್ಲಿ ಇಷ್ಟು ಶ್ರದ್ಧೆ ಗ್ರಂಥಸಂಪಾದಕರಲ್ಲಿಯೂ ಅಪರೂಪ.

ಇಂಥ ಓದುಗನಿಗಾಗಿ ಪುಸ್ತಕ ಮಾಡುವುದು ಹೇಗೆ? ಕನ್ನಡದ ಮನೆಗಳಲ್ಲಿ ಈ ಪ್ರಶ್ನೆಗೆ ತಲೆತಲಾಂತರದಿಂದ ಒಂದು ಸಿದ್ಧ ಉತ್ತರವಿದೆ: ಅಕ್ಷರಮಾಲೆ. ಅರಸ, ಆನೆ, ಇಲಿ, ಈಶ. ಮಗುವಿನ ಕೈಗೆ ಬರುವ ಮೊದಲ ಚಿತ್ರಗಳು ಇವೇ. ಇವುಗಳ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಈ ಪುಸ್ತಕದಲ್ಲಿ ಚಿತ್ರವು ಅಕ್ಷರದ ಮನೆಯ ಆಳು. ‘ಆ’ ಎಂಬುದು ಬಾಯಿಗೆ ಬರುವ ತನಕ ಆನೆಗೆ ಕೆಲಸ. ಬಂದ ಮೇಲೆ ಅದನ್ನು ಕೇಳುವವರಿಲ್ಲ. ಒಂದೊಂದು ಪ್ರಾಣಿಗೂ ಒಂದೊಂದು ಚೌಕ. ಆ ಚೌಕವೇ ಅದರ ಸೆರೆಮನೆ. ಇಷ್ಟು ವರ್ಷ ಪಕ್ಕದ ಮನೆಯಲ್ಲಿದ್ದೂ ಆ ಆನೆ ಆ ಇಲಿಯನ್ನು ಒಂದು ದಿನವಾದರೂ ಮಾತನಾಡಿಸಿದ್ದುಂಟೆ? ಅರಸನು ಆನೆಯ ಮೇಲೆ ಕುಳಿತದ್ದುಂಟೆ? ಹಿರಿಯರು ಇದನ್ನು ಯೋಚಿಸುವುದಿಲ್ಲ. ಮಗು ಯೋಚಿಸುತ್ತದೆ. ಅದರ ಬೆರಳು ಚೌಕದ ಗೆರೆಯನ್ನು ದಾಟಿ ಆನೆಯನ್ನು ಇಲಿಯ ಮನೆಗೆ ಕರೆದೊಯ್ಯುತ್ತದೆ. ಅಷ್ಟರಲ್ಲಿ ಹಿರಿಯರು, “ಅದನ್ನು ಬಿಡು, ಮುಂದೇನು ಹೇಳು” ಎಂದು ಪುಟ ತಿರುವುತ್ತಾರೆ.

ಚಿತ್ರದಿಂದ ಪಾಠ ಹೇಳಿಸುವ ಈ ಪದ್ಧತಿ ಕನ್ನಡದವರದಷ್ಟೇ ಅಲ್ಲ. ಯುರೋಪಿನಲ್ಲಿ ಕೊಮೀನಿಯಸ್ ಎಂಬ ಮಹಾಗುರು 1658ರಲ್ಲಿ ನ್ಯೂರೆಂಬರ್ಗ್ ನಗರದಲ್ಲಿ ‘ಆರ್ಬಿಸ್ ಪಿಕ್ಟಸ್’ ಎಂಬ ಗ್ರಂಥವನ್ನು ಅಚ್ಚು ಹಾಕಿಸಿದ; ಲೋಕದ ಸಮಸ್ತ ವಸ್ತುಗಳನ್ನೂ ಚಿತ್ರದಲ್ಲಿ ತೋರಿಸಿ ಲ್ಯಾಟಿನ್ ಕಲಿಸುವುದು ಅವನ ಉದ್ದೇಶ. ಪಾಠದಿಂದ ಚಿತ್ರಕ್ಕೆ ಬಿಡುಗಡೆ ದೊರೆಯಲು ಎರಡು ಶತಮಾನಗಳೇ ಹಿಡಿದವು. ಆ ಬಿಡುಗಡೆಯ ಕೀರ್ತಿಯ ದೊಡ್ಡ ಪಾಲು ಸಲ್ಲುವುದು ಬ್ಯಾಂಕಿನ ಗುಮಾಸ್ತಗಿರಿಯನ್ನು ತೊರೆದು ಚಿತ್ರಕಾರನಾದ ರ‍್ಯಾಂಡಾಲ್ಫ್ ಕಾಲ್ಡೆಕಾಟ್ ಎಂಬ ಆಂಗ್ಲನಿಗೆ. 1878ರಿಂದ ವರ್ಷಕ್ಕೆರಡರಂತೆ ಆತ 16 ಪುಟ್ಟ ಪುಸ್ತಕಗಳನ್ನು ಚಿತ್ರಿಸಿದ. 1886ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ.

ಆತ ಮಾಡಿದ್ದೇನು? ಇಂಗ್ಲಿಷರ ಮನೆಮನೆಯಲ್ಲೂ ಹಾಡುವ ಒಂದು ಅರ್ಥವಿಲ್ಲದ ಶಿಶುಗೀತೆಯುಂಟು. ಅದರ ಕೊನೆಗೆ ತಟ್ಟೆಯು ಚಮಚವನ್ನು ಕರೆದುಕೊಂಡು ಓಡಿಹೋಗುತ್ತದೆ. ಹಾಡು ಅಲ್ಲಿಗೆ ಮುಗಿಯಿತು. ಕಾಲ್ಡೆಕಾಟನು 1882ರಲ್ಲಿ ಇದನ್ನು ಚಿತ್ರಿಸಿದಾಗ ಹಾಡು ಮುಗಿದ ಮೇಲೆ ಇನ್ನೊಂದು ಪುಟವನ್ನು ಸೇರಿಸಿದ. ಅದರಲ್ಲಿ ತಟ್ಟೆ ಚೂರುಚೂರಾಗಿ ಬಿದ್ದಿದೆ. ಚಮಚಮ್ಮನನ್ನು ಅವಳ ತಂದೆತಾಯಿಗಳಾದ ಚಾಕುವೂ ಮುಳ್ಳುಚಮಚವೂ ಹಿಡಿದು ಮನೆಗೆ ನಡೆಸಿಕೊಂಡು ಹೋಗುತ್ತಿದ್ದಾರೆ! ಆ ಪುಟದಲ್ಲಿ ಒಂದಕ್ಷರವೂ ಇಲ್ಲ. ಹಾಡನ್ನು ಹಾಡುವ ತಾಯಿಯ ಬಾಯಲ್ಲಿ ಅದು ತಮಾಷೆಯ ಕಥೆ. ಚಿತ್ರವನ್ನು ನೋಡುವ ಮಗುವಿನ ಕಣ್ಣಲ್ಲಿ ದುರಂತ. ಎರಡೂ ಒಂದೇ ಪುಸ್ತಕದಲ್ಲಿ, ಒಂದೇ ಮಡಿಲಿನಲ್ಲಿ!

ಈ ಉಪಾಯವನ್ನು ಅದರ ತುತ್ತತುದಿಗೆ ಒಯ್ದ ಪುಸ್ತಕವೆಂದರೆ ಪ್ಯಾಟ್ ಹಚಿನ್ಸ್ ಎಂಬಾಕೆ 1968ರಲ್ಲಿ ರಚಿಸಿದ ‘ರೋಸೀಸ್ ವಾಕ್’. ಇದರ ಪಾಠವೆಲ್ಲ ಸೇರಿ ಒಂದೇ ಒಂದು ವಾಕ್ಯ. ಇಂಗ್ಲಿಷಿನಲ್ಲಿ 32 ಪದ. ರೋಸಿ ಎಂಬ ಕೋಳಿಯೊಂದು ಗೂಡಿನಿಂದ ಇಳಿದು, ಅಂಗಳ, ಕೊಳ, ಹುಲ್ಲಿನ ಮೆದೆ, ಹಿಟ್ಟಿನ ಗಿರಣಿ, ಬೇಲಿ, ಜೇನುಪೆಟ್ಟಿಗೆ ಎಲ್ಲವನ್ನೂ ಸುತ್ತಿ ಊಟದ ಹೊತ್ತಿಗೆ ಮನೆ ಸೇರುತ್ತದೆ. ಇಷ್ಟೇ ಕಥೆ. ಇದಕ್ಕಿಂತ ನೀರಸವಾದ ವೃತ್ತಾಂತ ಪುರಸಭೆಯ ವರದಿಯಲ್ಲಿಯೂ ಸಿಕ್ಕಲಾರದು. ಆದರೆ ಚಿತ್ರದಲ್ಲಿ, ಮೊದಲಿನಿಂದ ಕೊನೆಯವರೆಗೆ, ಕೋಳಿಯ ಬೆನ್ನ ಹಿಂದೆ ಒಂದು ನರಿ ಬರುತ್ತಿದೆ. ಅಂಗಳದಲ್ಲಿ ಹಾರಿ ಹಿಡಿಯಹೋಗಿ ಹುಲ್ಲು ಬಾಚುವ ಹಲ್ಲುಗೋಲನ್ನು ಮೆಟ್ಟಿ ಮೂಗಿಗೆ ಪೆಟ್ಟು ತಿನ್ನುತ್ತದೆ, ಕೊಳಕ್ಕೆ ಬೀಳುತ್ತದೆ, ಮೆದೆಯಲ್ಲಿ ಹೂತುಹೋಗುತ್ತದೆ, ಗಿರಣಿಯ ಹಿಟ್ಟು ಅದರ ತಲೆಯ ಮೇಲೆ ಸುರಿಯುತ್ತದೆ, ಕಡೆಗೆ ಜೇನುನೊಣಗಳು ಅಟ್ಟಿಸಿಕೊಂಡು ಬರುತ್ತವೆ. ಕೋಳಿ ಮಾತ್ರ ಒಮ್ಮೆಯೂ ಹಿಂದಿರುಗಿ ನೋಡುವುದಿಲ್ಲ. ಬರಹವೂ ಅಷ್ಟೇ. ‘ನರಿ’ ಎಂಬ ಪದ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಹಚಿನ್ಸ್ ಮೊದಲು ಬರೆದ ಕಥೆ ಹೀಗಿರಲಿಲ್ಲವಂತೆ. ಹಟ್ಟಿಯ ಪ್ರಾಣಿಗಳೆಲ್ಲ ಸದ್ದು ಮಾಡುವ ಉದ್ದನೆಯ ಕಥೆ ಅದು. ಅದರಲ್ಲಿ, ನರಿಯೊಂದೇ ಸದ್ದು ಮಾಡದು ಎಂಬ ಅರ್ಥದ ಒಂದು ಸಾಲಿನ ಮೇಲೆ ಪ್ರಕಾಶನ ಸಂಸ್ಥೆಯ ಸಂಪಾದಕಿ ಬೆರಳಿಟ್ಟರು. ಉಳಿದದ್ದೆಲ್ಲ ಹೋಯಿತು, ಆ ಸಾಲೂ ಹೋಯಿತು, ನರಿಯ ಮೌನ ಉಳಿಯಿತು.

ಮಲೆನಾಡಿನ ಒಂದೂರಿನಲ್ಲಿ ನಿವೃತ್ತ ಹೆಡ್‌ಮಾಸ್ತರರೊಬ್ಬರ ಮನೆಗೆ ಈ ಪುಸ್ತಕ ಬಂದದ್ದು ಬೆಂಗಳೂರಿನ ಮಗನ ಕೈಚೀಲದಲ್ಲಿ. ಮಾಸ್ತರರದು ಮೂವತ್ತಾರು ವರ್ಷದ ಸೇವೆ. ತಾಲ್ಲೂಕಿನ ಅರ್ಧ ಜನಕ್ಕೆ ಅಕ್ಷರ ತಿದ್ದಿಸಿದವರು. ಮೂರು ವರ್ಷದ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕನ್ನಡಕವನ್ನು ಒರೆಸಿ ಏರಿಸಿ, ಇಂಗ್ಲಿಷನ್ನು ತಾವೇ ಕನ್ನಡಕ್ಕೆ ತಿರುಗಿಸುತ್ತ ಓದತೊಡಗಿದರು. ಓದುವುದರ ಜೊತೆಗೆ ಹಳೆಯ ಅಭ್ಯಾಸವೂ ಹೊರಬಿತ್ತು. “ಇದೇನು ಮಗು?” “ಕೋಳಿ.” “ಕೋಳಿಗೆ ಕಾಲೆಷ್ಟು?” “ಎರಡು.” “ಇದರ ಬಣ್ಣ ಯಾವುದು?”

ಮೂರನೆಯ ಪ್ರಶ್ನೆಗೆ ಉತ್ತರ ಬರಲಿಲ್ಲ. ಮಗುವಿನ ಬೆರಳು ಪುಟದ ಅಂಚಿಗೆ ಹೋಗಿತ್ತು. “ತಾತಾ, ನರಿ!”

“ನರಿ ಆಮೇಲೆ ಬರುತ್ತೇನೋ ಮಗು. ಇಲ್ಲಿ ಕೋಳಿ ಅಂತ ಬರೆದಿದೆ.”

“ಬಂದ್ಬಿಟ್ಟಿದೆ ತಾತ! ನೋಡು!”

ಮಾಸ್ತರರು ಮುಂದಿನ ಪುಟವನ್ನು ನೋಡಿದರು, ಅದರ ಮುಂದಿನದನ್ನು ನೋಡಿದರು, ಕಡೆಯ ತನಕ ಪುಟ ಮಗುಚಿದರು. ಅಕ್ಷರಗಳಲ್ಲಿ ನರಿಯ ಸುಳಿವೇ ಇರಲಿಲ್ಲ. ಕನ್ನಡಕವನ್ನು ತೆಗೆದು ಕೆಳಗಿಟ್ಟರು. ಮಗು ಎರಡು ಕೈಗಳಿಂದಲೂ ಬಾಯಿ ಮುಚ್ಚಿಕೊಂಡು ನಗುತ್ತಿತ್ತು, ಆಮೇಲೆ ಅವರ ಕಿವಿಯ ಹತ್ತಿರ ಬಂದು ಪಿಸುಗುಟ್ಟಿತು: “ಕೋಳೀಗೆ ಹೇಳ್ಬೇಡ ತಾತ.”

ಏಕೆ ಹೇಳಬಾರದು? ಮಗುವಿಗೆ ಕೋಳಿಯ ಮೇಲೆ ದ್ವೇಷವೇ? ನರಿಯ ಪಕ್ಷವೇ? ಎರಡೂ ಅಲ್ಲ. ಹೇಳಿಬಿಟ್ಟರೆ ಕೋಳಿ ಓಡಿಹೋಗುತ್ತದೆ, ಕಥೆ ಅಲ್ಲಿಗೆ ನಿಂತುಹೋಗುತ್ತದೆ ಎಂಬುದು ಆ ಪುಟಾಣಿ ರಸಿಕೆಗೆ ಯಾರೂ ಹೇಳಿಕೊಡದೆಯೇ ತಿಳಿದಿತ್ತು. ಕೋಳಿಗೆ ತಿಳಿಯದ್ದು, ಬರಹಕ್ಕೆ ತಿಳಿಯದ್ದು, ಅಕ್ಷರ ಕಲಿತ ತಾತನಿಗೂ ತಿಳಿಯದ್ದು ತನಗೊಬ್ಬಳಿಗೇ ತಿಳಿದಿದೆ! ಚೊಟ್ಟಿ ಬಿಗಿಯಲು, ಚಡ್ಡಿ ತೊಡಲು, ತಟ್ಟೆಯ ಅನ್ನ ಕಲಸಲು ಎಲ್ಲಕ್ಕೂ ದೊಡ್ಡವರ ಮುಖ ನೋಡಬೇಕಾದ ಜೀವಕ್ಕೆ ಇದೇನು ಸಣ್ಣ ಪದವಿಯೆ? ಮಾರನೆಯ ರಾತ್ರಿಯಿಂದ ಮಾಸ್ತರರು ಪ್ರಶ್ನೆ ಕೇಳುವುದನ್ನು ಬಿಟ್ಟರು. ನರಿಯಿರುವ ಸಂಗತಿಯೇ ತಮಗೆ ಗೊತ್ತಿಲ್ಲವೆಂಬಂತೆ, ಪರಮ ಮುಗ್ಧ ಮುಖಮುದ್ರೆಯಿಂದ ಓದುತ್ತ ಹೋದರು. ಮೂವತ್ತಾರು ವರ್ಷ ಮನೆಪಾಠ ಮಾಡದೆ ಬಂದ ಹುಡುಗರ ಮುಖಗಳನ್ನು ನೋಡಿ ನೋಡಿ ಕಲಿತ ವಿದ್ಯೆ ಅದು. ಕಡೆಗಾಲದಲ್ಲಿ ಉಪಯೋಗಕ್ಕೆ ಬಂದಿತು.

ಮನೆಯಲ್ಲಿ ಅಜ್ಜಿಯಿರುವಾಗ ಚಿತ್ರಪುಸ್ತಕದ ಹಂಗೇನು ಎಂದು ಕೇಳುವವರುಂಟು. ಕೇಳತಕ್ಕ ಮಾತೇ. ಕಾಗಕ್ಕ ಗುಬ್ಬಕ್ಕನ ಕಥೆಯನ್ನು ತಟ್ಟೆಯಲ್ಲಿ ಎಷ್ಟು ತುತ್ತು ಉಳಿದಿದೆಯೋ ಅಷ್ಟಕ್ಕೆ ಸರಿಯಾಗಿ ಹಿಗ್ಗಿಸಿ ಕುಗ್ಗಿಸಿ ಹೇಳಬಲ್ಲ ಅಜ್ಜಿಯ ಚಾತುರ್ಯಕ್ಕೆ ಯಾವ ಪುಸ್ತಕವೂ ಸಮನಲ್ಲ. ಆದರೆ ಅಲ್ಲಿ ಕಥೆಯ ಓಟವೆಲ್ಲ ಅಜ್ಜಿಯ ವಶ. ಪುಸ್ತಕದಲ್ಲಾದರೋ ಪುಟದ ಮೂಲೆ ಮಗುವಿನ ಬೆರಳಿನಲ್ಲಿದೆ. ಬೇಕಾದಲ್ಲಿ ನಿಲ್ಲಬಹುದು, ಹಿಂದಕ್ಕೆ ಹೋಗಬಹುದು, ಅಂಜಿಕೆಯ ಪುಟ ಬಂದರೆ ಪಟ್ಟನೆ ಮುಚ್ಚಬಹುದು, ಧೈರ್ಯ ಕೂಡಿಸಿಕೊಂಡು ಮತ್ತೆ ಒಂದಿಷ್ಟು ಸಂದು ಮಾಡಿ ಇಣುಕಬಹುದು. ಭಯವನ್ನು ತಾನೇ ತೆರೆದು ತಾನೇ ಮುಚ್ಚುವ ಈ ಅಧಿಕಾರ ಚಿಕ್ಕ ಮಕ್ಕಳಿಗೆ ಬೇರೆಲ್ಲಿಯೂ ದೊರೆಯುವುದಿಲ್ಲ.

ಹಿರಿಯರಿಗೆ ಮಾತ್ರ ಈ ಭಯದ ವಿಷಯದಲ್ಲಿ ವಿಚಿತ್ರವಾದ ಮಡಿವಂತಿಕೆ. ಊಟ ಮಾಡದಿದ್ದರೆ ಗುಮ್ಮ, ನಿದ್ದೆ ಮಾಡದಿದ್ದರೆ ಗುಮ್ಮ, ಅತ್ತರೆ ಗುಮ್ಮ ಎಂದು ಹಗಲಿರುಳೂ ಹೆದರಿಸುವವರೇ, ಪುಸ್ತಕದಲ್ಲಿ ಒಂದು ರಾಕ್ಷಸನ ಚಿತ್ರವಿದ್ದರೆ, “ಅಯ್ಯೋ, ಮಗು ಬೆಚ್ಚಿಬಿದ್ದೀತು” ಎಂದು ಕಪಾಟಿನ ಮೇಲಕ್ಕೆ ಎತ್ತಿಡುತ್ತಾರೆ. ಬಾಲಕೃಷ್ಣನಂಥವನೂ ಗುಮ್ಮನನ್ನು ಕರೆಯಬೇಡವೆಂದು ಯಶೋದೆಯನ್ನು ಅಂಗಲಾಚಿದನೆಂದು ಪುರಂದರದಾಸರು ಹಾಡಿದ್ದಾರೆ. ಆ ಗುಮ್ಮನನ್ನು ಕಂಡವರಿಲ್ಲ. ಅವನ ಬಲವೆಲ್ಲ ಅಲ್ಲಿದೆ. ಕಂಡ ಗುಮ್ಮನ ಜೊತೆ ಹೇಗಾದರೂ ವ್ಯವಹಾರ ಕುದುರಿಸಬಹುದು.

ಮಕ್ಕಳಿಗಾಗಿ ಕೋಮಲವಾಗಿ ಬರೆದವರೆಂದು ಹೆಸರಾದ ಬಿಯಾಟ್ರಿಕ್ಸ್ ಪಾಟರ್ ಅವರೂ ಇದನ್ನು ಅರಿತಿದ್ದರು. ತಮಗೆ ಪಾಠ ಹೇಳಿದ್ದ ಗೆಳತಿಯ ಐದು ವರ್ಷದ ಮಗ ಕಾಯಿಲೆಯಾಗಿ ಮಲಗಿದ್ದಾಗ 1893ರಲ್ಲಿ ಅವನಿಗೆ ಬರೆದ ಸಚಿತ್ರ ಪತ್ರದಲ್ಲಿ ಪೀಟರ್ ಎಂಬ ಮೊಲ ಹುಟ್ಟಿತು. ಪ್ರಕಾಶಕರು ಒಪ್ಪದೆ ಹೋದಾಗ 1901ರಲ್ಲಿ ಸ್ವಂತ ಖರ್ಚಿನಿಂದ 250 ಪ್ರತಿ ಅಚ್ಚು ಹಾಕಿಸಿದರು. ಮುಂದಿನ ವರ್ಷ ಅದು ಬಣ್ಣದಲ್ಲಿ ಹೊರಬಂದು ಲೋಕಪ್ರಸಿದ್ಧವಾಯಿತು. ಪುಟ್ಟ ಕೈಗೆ ಒಗ್ಗುವಂಥ ಪುಟ್ಟ ಪುಸ್ತಕ, ನೀಲಿ ಅಂಗಿಯ ಮುದ್ದು ಮೊಲ. ಆದರೆ ಆ ಮೊಲದ ತಂದೆಯನ್ನು ತೋಟದ ಯಜಮಾನನ ಹೆಂಡತಿ ಕಡುಬಿನೊಳಗೆ ಬೇಯಿಸಿಬಿಟ್ಟಳೆಂಬ ಸಂಗತಿಯನ್ನು ಕಥೆಯ ಆರಂಭದಲ್ಲಿಯೇ, ಯಾವ ಮುಲಾಜೂ ಇಲ್ಲದೆ, ತಾಯಿಮೊಲ ಮಕ್ಕಳಿಗೆ ಹೇಳುತ್ತದೆ. ಅದು ತಿಳಿದಿರುವುದರಿಂದಲೇ ಪೀಟರನ ಓಟಕ್ಕೆ ಎದೆಬಡಿತ.

ಗುಮ್ಮನ ಮುಖವನ್ನೇ ಬಯಲಿಗೆಳೆದವನು ಮೋರಿಸ್ ಸೆಂಡಾಕ್. ಆತನ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ ಹೊರಬಂದದ್ದು 1963ರಲ್ಲಿ. ಇಂಗ್ಲಿಷಿನಲ್ಲಿ 338 ಪದಗಳ ಪುಸ್ತಕ. ತೋಳದ ವೇಷ ತೊಟ್ಟು ದಾಂಧಲೆಯೆಬ್ಬಿಸಿದ ಮ್ಯಾಕ್ಸ್ ಎಂಬ ಹುಡುಗ ತಾಯಿಯನ್ನೇ ತಿಂದುಬಿಡುವೆನೆಂದು ಗದರುತ್ತಾನೆ. ಊಟವಿಲ್ಲದೆ ಮಲಗುವ ಕೋಣೆ ಸೇರುತ್ತಾನೆ. ಆ ಕೋಣೆಯಲ್ಲಿ ಕಾಡು ಬೆಳೆಯುತ್ತದೆ. ಅವನು ದೋಣಿಯೇರಿ ವಿಕಾರ ಪ್ರಾಣಿಗಳ ನಾಡಿಗೆ ಹೋಗಿ, ರೆಪ್ಪೆ ಬಡಿಯದೆ ಅವುಗಳನ್ನು ದಿಟ್ಟಿಸಿ, ಪಳಗಿಸಿ, ಅವುಗಳಿಗೆ ರಾಜನಾಗುತ್ತಾನೆ. ಇದರ ಮರ್ಮವೆಲ್ಲ ಪುಟದ ಅಳತೆಯಲ್ಲಿದೆ. ಮೊದಲ ಚಿತ್ರ ಅಂಗೈಯಗಲ, ಸುತ್ತಲೂ ಬಿಳಿ ಕಾಗದ. ಹುಡುಗನ ಕೋಪ ಬೆಳೆದಂತೆ ಚಿತ್ರವೂ ಬೆಳೆಯುತ್ತದೆ. ಬಿಳಿ ಅಂಚನ್ನು ನುಂಗುತ್ತದೆ. ಎದುರು ಪುಟಕ್ಕೆ ಚಾಚುತ್ತದೆ. ಪ್ರಾಣಿಗಳೊಡನೆ ಕುಣಿಯುವಾಗ ಅಕ್ಷರಗಳನ್ನೂ ಹೊರದಬ್ಬಿ ಮೂರು ಜೋಡಿ ಪುಟಗಳನ್ನು ಪೂರ್ತಿ ಆಕ್ರಮಿಸುತ್ತದೆ. ಆ ಆರು ಪುಟಗಳಲ್ಲಿ ಓದುವ ತಾಯಿಗೆ ಕೆಲಸವಿಲ್ಲ. ಆಕೆ ಸುಮ್ಮನಿರಬೇಕು. ಮಗುವಿನ ಕೋಪ ಕುಣಿದು ತಣಿಯುವ ತನಕ ತಾಯಿಯನ್ನು ಬಾಯಿ ಮುಚ್ಚಿ ಕೂರಿಸಿದ ಕಥೆಗಾರ ಬೇರೊಬ್ಬನಿದ್ದಾನೆಯೆ?

ಎಷ್ಟೋ ಗ್ರಂಥಪಾಲಕರೂ ಪೋಷಕರೂ ಮೂಗು ಮುರಿದರು. ಪ್ರಖ್ಯಾತ ಮನಶ್ಶಾಸ್ತ್ರಜ್ಞ ಬ್ರೂನೋ ಬೆಟಲ್‌ಹೈಮ್ 1969ರಲ್ಲಿ ಅಮೆರಿಕದ ಮಹಿಳಾ ಮಾಸಿಕವೊಂದರಲ್ಲಿ ಇದನ್ನು ಖಂಡಿಸಿದ; ತಾಯಿಯೇ ಊಟ ಕೊಡದಿರುವುದು ಮಗುವಿಗೆ ಅತಿ ದೊಡ್ಡ ಭೀತಿಯೆಂಬುದು ಅವನ ವಾದ. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಪುಸ್ತಕವನ್ನು ತಾನು ನೋಡದೆ, ತಾಯಂದಿರು ಹೇಳಿದ್ದನ್ನು ಕೇಳಿ ಆತ ತೀರ್ಪು ಕೊಟ್ಟಿದ್ದ. ಮೂರು ವರ್ಷದ ಓದುಗ ಅಂಥ ಕೆಲಸ ಮಾಡುವುದಿಲ್ಲ.

ನೋಡಿದ್ದರೆ ಕಡೆಯ ಪುಟ ಕಾಣುತ್ತಿತ್ತು. ಸುತ್ತಾಡಿ, ಒಂಟಿತನ ಬಾಧಿಸಿ, ಹುಡುಗ ತನ್ನ ಕೋಣೆಗೆ ಮರಳುತ್ತಾನೆ. ಅಲ್ಲಿ ಅವನ ಊಟ ಕಾದಿದೆ. ಅದನ್ನು ತಂದಿಟ್ಟ ತಾಯಿ ಯಾವ ಚಿತ್ರದಲ್ಲಿಯೂ ಇಲ್ಲ. ಕಡೆಯ ಪುಟದಲ್ಲಿ ಚಿತ್ರವೇ ಇಲ್ಲ. ಊಟ ಇನ್ನೂ ಬಿಸಿಯಾಗಿತ್ತೆಂಬ ಮಾತೊಂದೇ. ಈ ‘ಬಿಸಿ’ ಎಂಬ ಪದವನ್ನು ‘ಬೆಚ್ಚಗೆ’ ಎಂದು ತಿದ್ದಬೇಕೆಂದು ಪ್ರಕಾಶಕರ ಕಡೆಯಿಂದ ಒತ್ತಾಯ ಬಂದಿತ್ತೆಂದು ಸೆಂಡಾಕ್ ಹೇಳಿಕೊಂಡಿದ್ದಾನೆ. ಬಿಸಿಯೆಂದರೆ ಮಗು ಬಾಯಿ ಸುಟ್ಟುಕೊಂಡೀತಂತೆ! ಆತ ಒಪ್ಪಲಿಲ್ಲ. ಮುನಿಸಿಕೊಂಡು ಮೂಲೆ ಸೇರಿದ ಮಕ್ಕಳ ಮುಂದೆ ತಾಯಂದಿರು ಮಾತಿಲ್ಲದೆ ತಂದಿಡುವ ಬಿಸಿ ಅನ್ನದ ಬೆಲೆ ಬಲ್ಲ ಕನ್ನಡದ ಮನೆಗಳಿಗೆ ಆ ಹಟದ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಕನ್ನಡದಲ್ಲಿ ಇಂಥ ಪುಸ್ತಕಗಳು ಬಹುಕಾಲ ಏಕೆ ವಿರಳವಾಗಿದ್ದವೆಂದರೆ ಪ್ರತಿಭೆಯ ಅಭಾವದಿಂದ ಅಲ್ಲ. ಚಿತ್ರಪುಸ್ತಕಕ್ಕೆ ಪುಟಪುಟಕ್ಕೂ ನಾಲ್ಕು ಬಣ್ಣದ ಅಚ್ಚು ಬೇಕು. ಪ್ರತಿಗಳು ಕಡಮೆಯಾದರೆ ಬೆಲೆ ಏರುತ್ತದೆ. ಬೆಲೆ ಏರಿದರೆ ಕೊಳ್ಳುವವರಿಲ್ಲ. 1957ರಲ್ಲಿ ದೆಹಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಅವರ ಚಿಲ್ಡ್ರನ್ಸ್ ಬುಕ್ ಟ್ರಸ್ಟ್, ಅದೇ ವರ್ಷ ಸರ್ಕಾರದ ನ್ಯಾಷನಲ್ ಬುಕ್ ಟ್ರಸ್ಟ್ ಹುಟ್ಟಿದವು. ಒಂದೇ ಚಿತ್ರಕ್ಕೆ ಹಲವು ಭಾಷೆಗಳ ಮಾತು ಜೋಡಿಸಿದ ‘ನೆಹರೂ ಬಾಲ ಪುಸ್ತಕಾಲಯ’ದ ತೆಳು ಪುಸ್ತಕಗಳು ಕನ್ನಡಕ್ಕೂ ಬಂದವು. ಸೋವಿಯತ್ ದೇಶದಲ್ಲಿ ಅಚ್ಚಾಗಿ ಬಂದ ನುಣುಪು ಕಾಗದದ ಕನ್ನಡ ಪುಸ್ತಕಗಳನ್ನು ಜಾತ್ರೆಯಲ್ಲಿ ಬೆಂಡು ಬತ್ತಾಸು ಕೊಂಡಂತೆ ಕೊಂಡವರಿದ್ದರು. 1991ರಲ್ಲಿ ಆ ದೇಶವೇ ಇಲ್ಲವಾದ ಮೇಲೆ ಆ ಬುಗ್ಗೆ ಬತ್ತಿತು. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಕಡಮೆ ಬೆಲೆಯ ಚಿತ್ರಪುಸ್ತಕಗಳನ್ನು ತಂದಿತು. 2015ರಲ್ಲಿ ಅದು ತೆರೆದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡದ ಕಥೆಗಳನ್ನೂ ಉಚಿತವಾಗಿ ಓದಬಹುದು, ಬೇಕಾದವರು ಅನುವಾದಿಸಬಹುದು.

ಆದರೂ ಎರಡು ಕಂಟಕಗಳು ಉಳಿದಿವೆ. ಒಂದು, ನೀತಿ. ಚೆನ್ನಾಗಿ ನಡೆದ ಕಥೆ ಕಡೆಯ ಪುಟದಲ್ಲಿ ಇದ್ದಕ್ಕಿದ್ದಂತೆ ಪಂಚೆ ಸರಿಮಾಡಿಕೊಂಡು, “ಆದ್ದರಿಂದ ಮಕ್ಕಳೇ” ಎಂದು ಎದ್ದು ನಿಲ್ಲುತ್ತದೆ. ಇನ್ನೊಂದು, ಮಾತು. ಪುಟಕ್ಕೆ ಹತ್ತು ಪದವಿರುವಲ್ಲಿ ಒಂದು ಪದ ಗ್ರಾಂಥಿಕವಾದರೂ ಮಗು ತಲೆಯೆತ್ತಿ ಓದುವವರ ಮುಖ ನೋಡುತ್ತದೆ. ಧಾರವಾಡದ ಕೂಸಿಗೂ ಮೈಸೂರಿನ ಕೂಸಿಗೂ ಮಂಗಳೂರಿನ ಕೂಸಿಗೂ ಒಂದೇ ಕನ್ನಡ ಒಗ್ಗುವುದಿಲ್ಲ. ಓದುವ ಅಜ್ಜಂದಿರು ತಮ್ಮ ಊರಿನ ಮಾತಿಗೆ ತಿರುಗಿಸಿಕೊಂಡು ಓದಿದರೆ ಯಾರ ಗಂಟೂ ಹೋಗುವುದಿಲ್ಲ. ನರಿಗೆ ಹೇಗೂ ಎಲ್ಲ ಊರಿನಲ್ಲಿಯೂ ಒಂದೇ ಬಾಲ.

ಇನ್ನು, ದುಡ್ಡು ಕೊಟ್ಟು ತಂದ ಪುಸ್ತಕವನ್ನು ಮಗು ಹರಿಯುತ್ತದೆ, ಚೀಪುತ್ತದೆ, ಮೂಲೆಯನ್ನು ಜಗಿಯುತ್ತದೆ ಎಂಬ ದೂರು. ಮನೆಯವರು ಅದಕ್ಕೇ ಹೆದರಿ ಒಳ್ಳೆಯ ಪುಸ್ತಕವನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕುವುದುಂಟು. ತೀರ ಎಳೆಯ ಮಕ್ಕಳಿಗೆಂದು ದಪ್ಪ ರಟ್ಟಿನ ಪುಟಗಳನ್ನು ಮಾಡಿದವರು ಹೆಚ್ಚು ಬುದ್ಧಿವಂತರು. ಸೆಂಡಾಕ್ ಮೊದಲು ಬರೆಯಹೊರಟದ್ದು ಕಾಡುಕುದುರೆಗಳ ಕಥೆಯನ್ನು. ಕುದುರೆ ಬರೆಯಲು ಕೈ ಬಾರದೆ ಹೋದಾಗ ನೆನಪಾದವರು ಬಾಲ್ಯದಲ್ಲಿ ಭಾನುವಾರ ಬಂದು ಕೆನ್ನೆ ಹಿಂಡುತ್ತಿದ್ದ, ಹುಳುಕು ಹಲ್ಲಿನ ನೆಂಟರಿಷ್ಟರು. ಎಷ್ಟು ಮುದ್ದಾಗಿದ್ದೀಯೆ, ತಿಂದೇಬಿಡುತ್ತೇವೆ ಎನ್ನುತ್ತಿದ್ದರಂತೆ ಅವರು. ಇಲ್ಲಿಯ ಅತ್ತೆ, ಚಿಕ್ಕಮ್ಮಂದಿರೂ ತೊಟ್ಟಿಲಿಗೆ ಬಗ್ಗಿ ಹೇಳುವುದು ಅದನ್ನೇ. ಆ ನೆಂಟರೇ ಪುಸ್ತಕದ ವಿಕಾರ ಪ್ರಾಣಿಗಳಾದರು.

ಮುಂದೊಂದು ಸಲ ಚಿಕ್ಕ ಹುಡುಗನೊಬ್ಬನ ಕಾಗದಕ್ಕೆ ಉತ್ತರವಾಗಿ ಸೆಂಡಾಕ್ ಒಂದು ಕಾರ್ಡಿನ ಮೇಲೆ ಅಂಥದೊಂದು ಪ್ರಾಣಿಯನ್ನು ತಾನೇ ಚಿತ್ರಿಸಿ ಕಳುಹಿಸಿದ. ಹುಡುಗನ ತಾಯಿಯಿಂದ ಮಾರುತ್ತರ ಬಂದಿತು: ಚಿತ್ರ ಹುಡುಗನಿಗೆ ಬಹಳ ಹಿಡಿಸಿ, ಕಾರ್ಡನ್ನು ತಿಂದುಬಿಟ್ಟನೆಂದು. ಹಲವು ಪ್ರಶಸ್ತಿಗಳನ್ನು ಪಡೆದಿದ್ದ ಸೆಂಡಾಕ್, ತನಗೆ ಸಂದ ಬಹುಮಾನಗಳಲ್ಲಿ ಅದಕ್ಕಿಂತ ದೊಡ್ಡದು ಇಲ್ಲವೆಂಬಂತೆ ಈ ಸಂಗತಿಯನ್ನು ಮುದಿವಯಸ್ಸಿನಲ್ಲಿಯೂ ಹೇಳಿಕೊಳ್ಳುತ್ತಿದ್ದ.